ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ

ಸಮ್ಮರ್ ಲೇಕ್, ಆರೆಗನ್
೯ ಸೆಪ್ಟೆಂಬರ್ ೨೦೧೯

ಫಿನ್,

ಅಕ್ಕನ ಕೈಬರಹ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ, ನಾಲ್ಕನೆಯದಕ್ಕೆ ಯಾರೋ ಒಬ್ಬರು ಇಟ್ಟುಬಿಡುತ್ತೇವೆ. ಅಪ್ಪನನ್ನು ಮಣ್ಣು ಮಾಡಿ ಎರಡೂವರೆ ವರ್ಷವಾಯಿತು. ಅಂದಿನಿಂದ ನಾವು ಆಡಿರುವುದು ಹೆಚ್ಚೆಂದರೆ ಹತ್ತು ಮಾತು. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕುವಂತಿಲ್ಲ.

ವಿಷಯ ಇದು. ಆರ್ವಲ್ ಪ್ಯಾಕ್ಸ್ಟನ್ ವರ್ಷದ ಕೊನೆಗೆ ಅಂಗಡಿ ಮುಚ್ಚುತ್ತಿದ್ದಾನೆ. ಅವನ ಮೊಣಕಾಲು ಎರಡೂ ಹೋಗಿವೆ. ಅಪ್ಪ ಹೋದ ಮೇಲೆ ನಾನು ಆರ್ವಲ್‌ನ ಲೈಸೆನ್ಸಿನ ನೆರಳಿನಲ್ಲಿ ಕೆಲಸ ಮಾಡಿಕೊಂಡಿದ್ದೆ, ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷ ಅಪ್ಪನದರ ನೆರಳಿನಲ್ಲಿ. ಈಗ ಐವತ್ತಾರನೆಯ ವಯಸ್ಸಿಗೆ ನನ್ನ ಹೆಸರಿನದೇ ಒಂದು ಬೇಕು. ಡಿಸೆಂಬರ್ ಒಂದರೊಳಗೆ ಅರ್ಜಿ ರಾಜಧಾನಿ ಸೇಲಂನ ಲೈಸೆನ್ಸ್ ಕಚೇರಿ ಮುಟ್ಟದಿದ್ದರೆ ಹೊಸ ವರ್ಷಕ್ಕೆ ನಾನು ಸ್ಕ್ರೂಡ್ರೈವರ್ ಮುಟ್ಟುವಂತಿಲ್ಲ.

ಪೂರ್ತಿ ಎಲೆಕ್ಟ್ರಿಷಿಯನ್ ಆಗಲು ನಾಲ್ಕು ವರ್ಷ ಯಾರದೋ ಕೈಕೆಳಗೆ ಕಲಿಯಬೇಕು. ಆ ಬಂಡಿ ಹೊರಟುಹೋಗಿದೆ. ನನಗೆ ಸಿಗುವುದು ಸೀಮಿತ ಲೈಸೆನ್ಸು, ಒಂದೊಂದು ಕೆಲಸಕ್ಕೆ ಒಂದೊಂದು. ಮೂರು ಅರ್ಜಿ ತರಿಸಿ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಒಂದು ಪಂಪಿನದು. ಅದನ್ನು ತೆಗೆದುಕೊಂಡರೆ ಸಾಯುವ ತನಕ ಇಲ್ಲೇ, ಈ ಬಯಲಿನಲ್ಲೇ, ಮೂವತ್ತು ಮೈಲಿಗೊಂದು ಮನೆಯ ಬೋರ್‌ವೆಲ್ ಪಂಪು ಎತ್ತಿಕೊಂಡು. ಎರಡನೆಯದು ಬಾಡಿಗೆ ಕಟ್ಟಡಗಳ ರಿಪೇರಿಯದು. ಲೇಕ್‌ವ್ಯೂನಲ್ಲಿ ಮೋಟೆಲಿನವನು ಕರೆಯುತ್ತಿದ್ದಾನೆ, ಕಾಯಂ ಕೆಲಸ, ಬೆಚ್ಚಗಿನ ಕೋಣೆ. ಮೂರನೆಯದು ಅಂಗಡಿಗಳ ದೀಪದ ಬೋರ್ಡುಗಳದು, ನಿನ್ನ ಕಸುಬು. ಆರ್ವಲ್ ಎಲ್ಲಕ್ಕೂ ಕೈ ಹಾಕುವವನಾದ್ದರಿಂದ ಮೂರಕ್ಕೂ ಅನುಭವದ ಪತ್ರ ಬರೆದುಕೊಡುತ್ತಾನೆ. ಆದರೆ ಒಂದೊಂದಕ್ಕೂ ಬೇರೆ ಪರೀಕ್ಷೆ, ಬೇರೆ ಊರು. ಮೂರನ್ನೂ ಹಿಡಿಯಲು ನನಗೆ ಮೂರು ಜನ್ಮ ಇಲ್ಲ.

ನಿನ್ನೆ ಪೇಸ್ಲಿಯ ಹತ್ತಿರ ಒಂದು ಪಂಪು ಎತ್ತಲು ಹೋಗಿದ್ದೆ. ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿದರೆ ಮುಚ್ಚಳದ ಒಳಗೆ ಅಪ್ಪನ ಅಕ್ಷರ. ತಾರೀಖು, ಎಷ್ಟು ಅಡಿಗೆ ಇಳಿಸಿದ್ದು, ನೀರು ಎಲ್ಲಿತ್ತು, ಕೆಳಗೆ ಅವನ ಇನಿಶಿಯಲ್ಲು, ನನ್ನ ಹೆಸರು: ‘ಎ.ಸಿ. ಮತ್ತು ಡೆಲ್ಲಾ’. ಅವನು ಯಾವಾಗಲೂ ಎರಡು ಹೆಸರು ಬರೆಯುತ್ತಿದ್ದ, ಎತ್ತಿದವರದು ಮತ್ತು ಹಗ್ಗ ಹಿಡಿದವರದು. ನಾನು ಅದರ ಕೆಳಗೆ ನಿನ್ನೆಯ ತಾರೀಖು ಬರೆದು ನನ್ನ ಹೆಸರು ಒಂದನ್ನೇ ಬರೆದೆ. ಬೆಳಗಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ, ಆ ಮನೆಯವರು ಸಂತೆಗೆ ಹೋಗಿದ್ದರು.

ಬೋರ್ಡಿನ ಕೆಲಸ ಹೇಗಿದೆ ಎಂದು ಬರೆ. ಸುಮ್ಮನೆ ಕೇಳುತ್ತಿದ್ದೇನೆ.

ಡೆಲ್ಲಾ


ಪೋರ್ಟ್‌ಲ್ಯಾಂಡ್
೨೧ ಸೆಪ್ಟೆಂಬರ್

ಅಕ್ಕಾ,

ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ಎರಡು ಸಲ ಓದಬೇಕಾಯಿತು. ಅಕ್ಷರದ ದೆಸೆಯಿಂದ ಅಂತಲೇ ಇಟ್ಟುಕೋ.

ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಬೋರ್ಡಿನದು ತೆಗೆದುಕೋ. ಮೋಟೆಲಿನ ಕೆಲಸ ಅಂದರೆ ದಿನಾ ಅದೇ ಹದಿನೆಂಟು ಕೋಣೆಯ ಅದೇ ಹದಿನೆಂಟು ಹೀಟರು, ವಾರದಲ್ಲಿ ನಿನಗೆ ತಲೆ ಕೆಡುತ್ತದೆ. ಪಂಪು ಅಂದರೆ ಅಪ್ಪನ ಗತಿ. ಇಲ್ಲಿ ಬಕೆಟ್ ಲಾರಿಯ ತೊಟ್ಟಿಲಿನಲ್ಲಿ ಮೇಲೇರಿ ನಿಂತರೆ ನದಿ, ಸೇತುವೆ, ಜನ ಎಲ್ಲ ಕಾಣುತ್ತದೆ. ಮೊನ್ನೆ ಒಂದು ಬೇಕರಿಯ ಹೆಸರು ಹತ್ತಿಸಿದೆ. ಕೆಳಗೆ ಮಾಲೀಕನ ಹೆಂಡತಿ, ಮಕ್ಕಳು, ಅತ್ತೆ ಎಲ್ಲ ನಿಂತು ಚಪ್ಪಾಳೆ ಹೊಡೆದರು. ನಾನು ಇಳಿಯುವ ಹೊತ್ತಿಗೆ ಎಲ್ಲ ಒಳಗೆ ಹೋಗಿ ಕೇಕು ಕತ್ತರಿಸುತ್ತಿದ್ದರು. ನಾನು ಲಾರಿ ತಿರುಗಿಸಿಕೊಂಡು ಬಂದೆ. ಕಸುಬು ಇರುವುದೇ ಹಾಗೆ, ಬೇರೆಯವರ ಹೆಸರಿಗೆ ಬೆಳಕು ಕೊಡುವುದು.

ಮೇಲಿನ ಕೋಣೆ ಖಾಲಿ ಇದೆ. ಜೋನ್ ಸಂಸಾರ ಬಿಟ್ಟುಹೋದ ಮೇಲೆ ಅಲ್ಲಿ ಟ್ಯೂಬಿನ ಪೆಟ್ಟಿಗೆಗಳನ್ನು ಒಟ್ಟಿದ್ದೆ. ಈ ವಾರ ತೆಗೆದೆ. ನಿನಗೋಸ್ಕರ ಅಂತಲ್ಲ, ಧೂಳು ಆಗಿತ್ತು.

ಅರ್ಜಿ ತುಂಬಲು ನನ್ನನ್ನೇನು ಕೇಳುತ್ತೀ? ಸೇಲಂ ಕಚೇರಿಗೆ ಕಾಗದ ಬರೆಯುವುದು ನಿನಗೆ ಹೊಸದಲ್ಲವಲ್ಲ.

ಫಿನ್


ಸಮ್ಮರ್ ಲೇಕ್
೩೦ ಸೆಪ್ಟೆಂಬರ್

ಫಿನ್,

ಕೊನೆಯ ಸಾಲನ್ನು ಒಲೆಯ ಹತ್ತಿರ ನಿಂತು ಓದಿದೆ. ಸಾರು ತಳ ಹತ್ತಿತು. ಸೇಲಂಗೆ ನಾನು ಬರೆದೆನೇ? ನಾನು?

ಅಪ್ಪ ಕಣಿವೆಯ ಆ ತುದಿಯ ಹೆಸ್ಟರ್ ಕ್ವಿಲನ್ ಅಜ್ಜಿಯ ಮನೆ ಬಾಗಿಲಿಗೆ ದೀಪ ಹಾಕಿದ ವಾರ ಸೇಲಂನಲ್ಲಿ ಬೋರ್ಡಿನ ತರಗತಿಯಲ್ಲಿ ಕೂತಿದ್ದವನು ನೀನು. ನೀನು ವಾಪಸು ಬಂದ ಹತ್ತನೆಯ ದಿನ ಇನ್ಸ್‌ಪೆಕ್ಟರ್ ನಮ್ಮ ಅಂಗಳದಲ್ಲಿ ನಿಂತಿದ್ದ. ‘ದೂರು ಬಂದಿದೆ, ಯಾರು ಕೊಟ್ಟಿದ್ದು ಅಂತ ನಾವು ಹೇಳೋ ಹಾಗಿಲ್ಲ’ ಅಂದ. ಪಂಪಿನ ಲೈಸೆನ್ಸ್ ಇರುವವನು ಮನೆಯ ದೀಪ ಮುಟ್ಟಿದ್ದಕ್ಕೆ ಅಪ್ಪನದನ್ನು ಒಂದು ಹಂಗಾಮು ಕಿತ್ತುಕೊಂಡರು. ಆ ಹಂಗಾಮಿನಲ್ಲಿ ಅರ್ಧ ಕಣಿವೆ ಬೇರೆಯವರ ಕಡೆ ಹೋಯಿತು, ಮತ್ತೆ ಬರಲಿಲ್ಲ. ಆ ತಿಂಗಳೇ ನೀನು ಪೋರ್ಟ್‌ಲ್ಯಾಂಡಿಗೆ ಗಂಟು ಕಟ್ಟಿದೆ.

ಹದಿನಾಲ್ಕು ವರ್ಷ ನಾನು ಯಾರಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಎಷ್ಟಾದರೂ ತಮ್ಮ ಅಂತ ನುಂಗಿಕೊಂಡೆ. ಈಗ ನೀನು ನನ್ನ ಮೇಲೇ ಹೊರಿಸುತ್ತೀಯಾ? ಕದ್ದವನೇ ಕೂಗು ಹಾಕಿದ ಹಾಗಾಯಿತು.

ಬೋರ್ಡಿನ ಅರ್ಜಿಯನ್ನು ಒಲೆಗೆ ಹಾಕಬೇಕೆಂದಿದ್ದೆ. ಹಾಕಲಿಲ್ಲ, ಅಷ್ಟೇ.

ಡೆಲ್ಲಾ


ಪೋರ್ಟ್‌ಲ್ಯಾಂಡ್
೧೯ ಅಕ್ಟೋಬರ್

ಅಕ್ಕಾ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನಾನು ಬರೆಯಲಿಲ್ಲ. ಅಮ್ಮನ ಮೇಲಾಣೆ. ಸೇಲಂನಲ್ಲಿ ಆ ಕಚೇರಿ ಯಾವ ಬೀದಿಯಲ್ಲಿದೆ ಅಂತಲೂ ಆಗ ನನಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದುದು ಇಷ್ಟು. ನಾನು ತರಗತಿಯಿಂದ ಬಂದ ದಿನ ಮೂವರೂ ಊಟಕ್ಕೆ ಕೂತಿದ್ದೆವು. ನೀನು ಆಲೂಗಡ್ಡೆ ಬಡಿಸುತ್ತಿದ್ದೆ. ಅಪ್ಪ ಅಜ್ಜಿಯ ಬಾಗಿಲಿಗೆ ದೀಪ ಹಾಕಿದ್ದನ್ನು ಹೇಳಿದ, ಅಷ್ಟೇ. ನೀನು ಸೌಟು ಎತ್ತಿಕೊಂಡು ‘ಯಾರಾದ್ರೂ ಸೇಲಂಗೆ ಒಂದು ಕಾಗದ ಹಾಕ್ಬೇಕು, ಆಗ ಬುದ್ಧಿ ಬರುತ್ತೆ ನಿಂಗೆ!’ ಅಂದೆ. ಅಪ್ಪ ನಗಲಿಲ್ಲ. ನಿನಗೆ ನೆನಪಿಲ್ಲದಿರಬಹುದು. ನಾನು ಹದಿನಾಲ್ಕು ವರ್ಷದಿಂದ ಆ ಸೌಟನ್ನು ನೋಡುತ್ತಿದ್ದೇನೆ.

ಅದಕ್ಕೇ ಮನೆ ಬಿಟ್ಟೆ. ನಿನ್ನ ಜೊತೆ ಒಂದೇ ಮೇಜಿನಲ್ಲಿ ಕೂತು ತಿನ್ನಲು ಆಗುತ್ತಿರಲಿಲ್ಲ. ನೀನೂ ಆ ಕಾರಣಕ್ಕೇ ಸುಮ್ಮನಿದ್ದೆಯಾ? ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೇವೆ, ಅಲ್ಲವಾದರೆ ಇಬ್ಬರೂ ಕತ್ತೆಗಳು.

ಕೋಣೆ ಇನ್ನೂ ಖಾಲಿ ಇದೆ.

ಫಿನ್


ಸಮ್ಮರ್ ಲೇಕ್
೪ ನವೆಂಬರ್

ನನ್ನ ಫಿನ್,

ಇಬ್ಬರೂ ಕತ್ತೆಗಳು. ಕೂತುಕೊಂಡು ಓದು.

ಕ್ವಿಲನ್ ಅಜ್ಜಿಯ ಪಂಪು ಶನಿವಾರ ನಿಂತಿತು. ಆರ್ವಲ್ ತನ್ನ ಕಾಲಿನಲ್ಲಿ ಆಗದು ಎಂದು ನನ್ನನ್ನೇ ಕಳಿಸಿದ. ಹದಿನಾಲ್ಕು ವರ್ಷದಿಂದ ನಾನು ಆ ದಾರಿಯಲ್ಲಿ ಹೋಗಿಲ್ಲ. ಆ ದೀಪದ ನೆನಪಿಗೆ ಹೋಗುವ ಮನಸ್ಸೂ ಇರಲಿಲ್ಲ, ಕರೆಯೂ ಬಂದಿರಲಿಲ್ಲ. ಅಜ್ಜಿಗೆ ಎಂಬತ್ತಾರು. ಬೇಲಿಯ ಹತ್ತಿರವೇ ನಿಂತಿದ್ದಳು.

‘ಏನೇ ಹುಡುಗಿ, ನಮ್ಮನೆ ನೀರು ವಿಷ ಆಗೋಯ್ತಾ ನಿಂಗೆ?’ ಅಂದಳು.

‘ನೀರು ಸರಿಯಾಗಿತ್ತಲ್ಲಜ್ಜಿ, ಅದಕ್ಕೇ ಬರ್ಲಿಲ್ಲ.’

‘ಸರಿಯಾಗಿದ್ರೆ ಬರ್ಬಾರ್ದು ಅಂತ ಯಾವ ಪುಸ್ತಕದಲ್ಲಿ ಬರ್ದಿದೆ? ನಾನೇನು ದಿನಾ ಪಂಪ್ ಜೊತೆ ಕಾಫಿ ಕುಡೀಲಾ?’

ನಾನು ಹತಾರದ ಪೆಟ್ಟಿಗೆ ಎತ್ತಿಕೊಂಡು ಪಂಪಿನ ಶೆಡ್ಡಿಗೆ ಹೋದೆ. ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಸುತ್ತಿಗೆಯ ಹಿಡಿಯಿಂದ ತಟ್ಟಿ ಬಿಚ್ಚಿದೆ. ಒಳಗೆ ಕಪ್ಪು ಶಾಯಿಯಲ್ಲಿ ಅಪ್ಪನ ಅಕ್ಷರ, ಅಂಚಿನಿಂದ ಅಂಚಿಗೆ ತುಂಬಿತ್ತು. ಇದ್ದ ಹಾಗೇ ಇಳಿಸಿಕೊಂಡಿದ್ದೇನೆ:

‘೧೧ ಅಕ್ಟೋಬರ್ ೨೦೦೫. ಇಳಿಸಿದ್ದು ೨೪೦ ಅಡಿ. ನೀರು ೧೧೦ಕ್ಕೆ. ಮೋಟಾರು ಹೊಸದು. ಹೋದ ವಾರ ಹೆಸ್ಟರ್ ಕತ್ತಲಲ್ಲಿ ಮೆಟ್ಟಿಲು ತಪ್ಪಿ ಬಿದ್ದಳು ಎಂದು ಬಾಗಿಲಿಗೆ ದೀಪವನ್ನೂ ಹಾಕಿದೆ. ಪಂಪಿನ ಕೇಬಲ್ಲಿನಿಂದ ಎಳೆದೆ. ಅದರಲ್ಲಿ ನ್ಯೂಟ್ರಲ್ ಇಲ್ಲ, ಅರ್ತ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಂಡೆ. ಎರಡು ದಿನ ಬಿಟ್ಟು ಸೇರಿಸಿದ್ದು: ಪೈಪಿಗೆ ಕರೆಂಟು ಇಳಿದು, ನಲ್ಲಿ ಮುಟ್ಟಿದ ಅವಳಿಗೆ ಶಾಕ್ ಹೊಡೆಯಿತು. ದೇವರು ದೊಡ್ಡವನು, ಬದುಕಿದಳು. ದೀಪ ಕಿತ್ತುಹಾಕಿದೆ. ಸೇಲಂಗೆ ನಾನೇ ಕಾಗದ ಹಾಕಿದ್ದೇನೆ, ನನ್ನ ಮೇಲೆ ನಾನೇ. ಮಕ್ಕಳ ಮುಂದೆ ಹೇಳಲು ಬಾಯಿ ಬರುತ್ತಿಲ್ಲ. ಮುಂದಿನ ಸಲ ಪಂಪು ಎತ್ತಲು ಡೆಲ್ಲಾ ಬರುತ್ತಾಳೆ, ಓದಿಕೊಳ್ಳುತ್ತಾಳೆ, ಫಿನ್‌ಗೂ ಹೇಳುತ್ತಾಳೆ. ಎ.ಸಿ.’

ಫಿನ್, ಪಂಪಿನವನು ಮಾತ್ರ ಮಾಡುವ ತಪ್ಪು ಅದು. ಜೀವಮಾನವಿಡೀ ನ್ಯೂಟ್ರಲ್ ಇಲ್ಲದ ಕೇಬಲ್ಲಿನಲ್ಲೇ ಕೈಯಾಡಿಸಿದವನಿಗೆ ದೀಪಕ್ಕೆ ಅದು ಬೇರೆಯೇ ತಂತಿಯಾಗಿ ಬೇಕೆಂಬುದೇ ಮರೆತುಹೋಗಿದೆ. ‘ನಮ್ಮ ಲೈಸೆನ್ಸ್ ಪಂಪಿನ ಶೆಡ್ಡಿನ ಬಾಗಿಲಿಗೆ ಮುಗೀತು’ ಎಂದು ನಮಗೆ ಪಾಠ ಹೇಳುತ್ತಿದ್ದವನು ತಾನೇ ಬಾಗಿಲು ದಾಟಿ ಒಬ್ಬ ಹೆಂಗಸಿನ ಜೀವ ತೆಗೆಯುವುದರಲ್ಲಿದ್ದ. ಅವನಿಗೆ ನಾಚಿಕೆಯಾಗಿದೆ. ನಾನು ಸೌಟು ಹಿಡಿದು ಹಾಸ್ಯ ಮಾಡಿದಾಗ ಅವನು ಏಕೆ ನಗಲಿಲ್ಲ ಎಂದು ಈಗ ತಿಳಿಯಿತು. ಆ ಹೊತ್ತಿಗೆ ಕಾಗದ ಅಂಚೆ ಡಬ್ಬಿಯಲ್ಲಿ ಬಿದ್ದಿತ್ತೋ, ಅಥವಾ ನನ್ನ ಮಾತು ಕೇಳಿಯೇ ಬರೆದನೋ, ಅದು ಮಾತ್ರ ಇನ್ನು ಗೊತ್ತಾಗುವುದಿಲ್ಲ.

ನನಗೆ ಸಿಟ್ಟು ಬಂದಿದೆ. ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನೀನು ಮನೆಯಲ್ಲಿರುತ್ತಿದ್ದೆ. ಅಪ್ಪ ಮುಚ್ಚಳದ ಒಳಗೆ ಬರೆದು ಒಂದೆರಡು ವರ್ಷಕ್ಕೆ ನಾನು ತೆರೆಯುತ್ತೇನೆ ಅಂದುಕೊಂಡ. ಆದರೆ ಆ ಪಂಪನ್ನು ಅವನು ಎಷ್ಟು ಚೆನ್ನಾಗಿ ಕೂಡಿಸಿದ್ದನೆಂದರೆ ಹದಿನಾಲ್ಕು ವರ್ಷ ಕೆಡಲೇ ಇಲ್ಲ. ಕೆಲಸ ಒಂದಿಷ್ಟು ಕಳಪೆಯಾಗಿದ್ದಿದ್ದರೆ ನನಗೆ ತಮ್ಮನೂ ಉಳಿಯುತ್ತಿದ್ದ, ನಿನಗೆ ಅಕ್ಕನೂ ಉಳಿಯುತ್ತಿದ್ದಳು.

ಶೆಡ್ಡಿನ ನೆಲದಲ್ಲಿ ಕೂತು ಅತ್ತೆ. ಅಜ್ಜಿ ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ‘ನಿಮ್ಮಪ್ಪ ಹೇಳಿರ್ತಾನೆ ಅಂದ್ಕೊಂಡೆ ಕಣೆ’ ಅಂದಳು.

ನಾನು ನಿನ್ನ ಮೇಲೆ ಹೊರಿಸಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ತಡವಾಯಿತು.

ನಿನ್ನ ಅಕ್ಕ,
ಡೆಲ್ಲಾ


ಪೋರ್ಟ್‌ಲ್ಯಾಂಡ್
೧೨ ನವೆಂಬರ್

ಅಕ್ಕಾ,

ನಿನ್ನ ಕಾಗದವನ್ನು ಒಂದು ಔಷಧಿ ಅಂಗಡಿಯ ಮುಂದೆ ಲಾರಿಯಲ್ಲಿ ಕೂತು ಒಡೆದೆ. ಓದಿ ಲಾರಿಯನ್ನು ಮನೆಗೆ ತಿರುಗಿಸಿದೆ. ಬೋರ್ಡನ್ನು ಮಾರನೆಯ ದಿನ ಹತ್ತಿಸಿದೆ.

ಅಪ್ಪನ ಮಣ್ಣಿನ ದಿನ ನೀನು ಚರ್ಚಿನ ಆ ಕಡೆ ಬೆಂಚಿನಲ್ಲಿ ಕೂತಿದ್ದೆ, ನಾನು ಈ ಕಡೆ. ಅವನು ಪೆಟ್ಟಿಗೆಯಲ್ಲಿ ಮಲಗಿ ಇಬ್ಬರನ್ನೂ ನೋಡುತ್ತಿದ್ದಿರಬೇಕು. ಅವನ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಅವನಿಗೆ ಬರೆಯಲು ಗೊತ್ತಿದ್ದುದು ಅದೊಂದೇ ಜಾಗದಲ್ಲಿ.

ಸುತ್ತು ಬಳಸು ಬೇಡ. ಮೊದಲನೆಯ ಕಾಗದದಲ್ಲೇ ಕೇಳಬೇಕಿತ್ತು, ಮೀಸೆ ಅಡ್ಡ ಬಂತು. ಪೆಟ್ಟಿಗೆಗಳನ್ನು ತೆಗೆದದ್ದು ನಿನಗೋಸ್ಕರವೇ. ಹಾಸಿಗೆ ಹಾಕಿಸಿದ್ದೇನೆ. ಕಿಟಕಿಗೆ ಪರದೆ ತಂದಿದ್ದೇನೆ, ಬಣ್ಣ ನಿನಗೆ ಹಿಡಿಸದಿರಬಹುದು. ಬೋರ್ಡಿನ ಲೈಸೆನ್ಸ್ ತೆಗೆದುಕೊಂಡು ಇಲ್ಲಿಗೆ ಬಾ. ಸಂಜೆ ಬಾಗಿಲು ತೆಗೆದರೆ ಒಳಗೆ ಯಾರಾದರೂ ಬೈಯಲಿ ಅನ್ನಿಸುತ್ತದೆ ನನಗೆ. ಈ ಊರಿನಲ್ಲಿ ನನ್ನ ಅಕ್ಷರ ಸಾವಿರ ಗೋಡೆಯ ಮೇಲಿದೆ, ನನ್ನನ್ನು ಹೆಸರು ಹಿಡಿದು ಕರೆಯುವವರು ಮೂರು ಜನ ಇಲ್ಲ.

ಡಿಸೆಂಬರ್ ಒಂದಕ್ಕೆ ಇನ್ನು ಹತ್ತೊಂಬತ್ತು ದಿನ ಇದೆ.

ತಮ್ಮ,
ಫಿನ್


ಸಮ್ಮರ್ ಲೇಕ್
೨೪ ನವೆಂಬರ್

ಫಿನ್, ನನ್ನ ತಮ್ಮ,

ನಿನ್ನ ಕಾಗದವನ್ನು ಒಂಬತ್ತು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇಷ್ಟು ದಿನ ಉತ್ತರ ಬರೆಯದಿದ್ದುದು ಉತ್ತರ ಗೊತ್ತಿಲ್ಲ ಅಂತಲ್ಲ, ಗೊತ್ತಿತ್ತು ಅಂತ.

ಮೊದಲು ದೀಪದ ವಿಷಯ ಹೇಳುತ್ತೇನೆ. ಹೊಸ ಪಂಪು ಇಳಿಸಿ ಮುಗಿಸಿದ ದಿನ ಕ್ವಿಲನ್ ಅಜ್ಜಿ ಕಾಫಿ ಕೊಟ್ಟು, ‘ಹೇಗೂ ಬಂದಿದ್ದೀಯಲ್ಲ, ಬಾಗಿಲಿಗೆ ಒಂದು ದೀಪ ಹಾಕ್ಕೊಟ್ಟು ಹೋಗು’ ಅಂದಳು. ಹದಿನಾಲ್ಕು ವರ್ಷದಿಂದ ಅವಳ ಬಾಗಿಲು ಕತ್ತಲಾಗಿಯೇ ಇದೆ, ಗೊತ್ತಾ? ಒಂದು ದೀಪಕ್ಕಾಗಿ ಅಷ್ಟು ದೂರ ಬರುವ ಪೂರ್ತಿ ಎಲೆಕ್ಟ್ರಿಷಿಯನ್ ಯಾರೂ ಇಲ್ಲ. ನಾನು ಲೆಕ್ಕ ಹಾಕಿದೆ. ಪಂಪಿನ ಲೈಸೆನ್ಸಿಗೆ ಬಾಗಿಲ ದೀಪ ಇಲ್ಲ. ಬೋರ್ಡಿನದಕ್ಕೂ ಇಲ್ಲ. ಬಾಡಿಗೆ ಕಟ್ಟಡದ್ದಕ್ಕೂ ಇಲ್ಲ, ಅದು ಅವಳ ಸ್ವಂತ ಮನೆ. ನೀನು, ನಾನು, ಸತ್ತ ಅಪ್ಪ ಮೂರು ಜನ ಸೇರಿದರೂ ಒಂದು ಮುದುಕಿಯ ಬಾಗಿಲು ಬೆಳಗಿಸುವ ಅಧಿಕಾರ ನಮಗಿಲ್ಲ.

ಆದರೆ ಅವಳಿಗಿದೆ. ಸ್ವಂತ ಮನೆಯಲ್ಲಿ ವಾಸವಾಗಿರುವವರು ತಮ್ಮ ಮನೆಯ ವೈರಿಂಗನ್ನು ತಾವೇ ಮಾಡಬಹುದು. ಅನುಮತಿ ಚೀಟಿ ತೆಗೆದುಕೊಂಡು, ಆಮೇಲೆ ಇನ್ಸ್‌ಪೆಕ್ಟರಿಗೆ ತೋರಿಸಿದರೆ ಆಯಿತು. ಚೀಟಿ ತರಿಸಿದೆ. ಮೊನ್ನೆ ಗುರುವಾರ ಹೋದೆ. ಮೇನ್ ಸ್ವಿಚ್ ಅವಳ ಕೈಯಲ್ಲೇ ಆಫ್ ಮಾಡಿಸಿದೆ. ಅವಳು ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಳು. ನಾನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತೆ.

‘ಕೈ ತೆಗಿ, ಈ ಸ್ಕ್ರೂ ಹಿಡ್ಕೋ’ ಅಂದಳು.

‘ಇಲ್ಲಜ್ಜಿ. ಕೈಗೆ ಲೈಸೆನ್ಸ್ ಇಲ್ಲ. ಬಾಯಿಗೆ ಬೇಕಾಗಿಲ್ಲ, ಕೇಳು. ಬಿಳೀ ತಂತಿ ಬಿಳೀದಕ್ಕೆ. ಅದೇ ನ್ಯೂಟ್ರಲ್ಲು, ಕರೆಂಟು ವಾಪಸ್ ಹೋಗೋ ದಾರಿ. ಅದನ್ನ ಮರೀಬೇಡ.’

‘ನಿಮ್ಮಪ್ಪ ಮರ್ತಿದ್ದು ಅದೇನಾ?’

‘ಅದೇ.’

‘ಪಾಪ’ ಅಂದಳು. ‘ಅವತ್ತಿಂದ ನನ್ನ ಮುಖ ನೋಡ್ತಿರ್ಲಿಲ್ಲ ಕಣೆ ಅವ್ನು. ಶಾಕ್ ಹೊಡ್ದಿದ್ದು ನಂಗೆ, ಸತ್ತಿದ್ದು ಅವ್ನು.’

ಮೂರು ಗಂಟೆ ಹಿಡಿಯಿತು. ನಾನಾಗಿದ್ದರೆ ಇಪ್ಪತ್ತು ನಿಮಿಷ. ಅವಳ ಕೈಯಿಂದ ಸ್ಕ್ರೂ ಜಾರುತ್ತಿತ್ತು, ನನ್ನ ಬೆರಳು ಜೇಬಿನೊಳಗೆ ಕುಣಿಯುತ್ತಿದ್ದವು. ಕೊನೆಗೆ ಅವಳೇ ಸ್ವಿಚ್ ಹಾಕಿದಳು. ಹಗಲು ಬೆಳಕಿನಲ್ಲಿ ಅಷ್ಟೇನೂ ಕಾಣಲಿಲ್ಲ, ಆದರೂ ಇಬ್ಬರೂ ಅಂಗಳದಲ್ಲಿ ಚಳಿಯಲ್ಲಿ ನಿಂತು ಅದನ್ನೇ ನೋಡಿದೆವು. ಇನ್ಸ್‌ಪೆಕ್ಟರ್ ಶುಕ್ರವಾರ ಬಂದು ಪಾಸು ಮಾಡಿ, ‘ಯಾರು ಹೇಳ್ಕೊಟ್ಟಿದ್ದು?’ ಅಂದನಂತೆ. ‘ದೂರು ಕೊಟ್ಟೋರ ಹೆಸರು ನೀವು ಹೇಳ್ತೀರಾ?’ ಅಂದಳಂತೆ ಅಜ್ಜಿ.

ಈಗ ನಿನ್ನ ವಿಷಯ. ಪಂಪಿನ ಅರ್ಜಿಯನ್ನು ನಿನ್ನೆ ಅಂಚೆಗೆ ಹಾಕಿದೆ. ಬೋರ್ಡಿನದು ಇನ್ನೂ ಸಕ್ಕರೆ ಡಬ್ಬಿಯ ಕೆಳಗೇ ಇದೆ, ಎಸೆಯಲು ಮನಸ್ಸಾಗಿಲ್ಲ. ನೀನು ಬೇಜಾರು ಮಾಡಿಕೊಳ್ಳುತ್ತೀ, ಗೊತ್ತು. ಪರದೆ ತಂದವನಿಗೆ ಹೀಗೆ ಬರೆಯಲು ನನಗೂ ಕೈ ಬರುತ್ತಿಲ್ಲ. ಈ ಕಣಿವೆಯಲ್ಲಿ ಅಪ್ಪ ಕೂಡಿಸಿದ ಪಂಪುಗಳು ಇನ್ನೂ ನಲವತ್ತಾದರೂ ಓಡುತ್ತಿವೆ. ನಲವತ್ತು ಮುಚ್ಚಳ. ಯಾವುದರೊಳಗೆ ಏನು ಬರೆದಿಟ್ಟಿದ್ದಾನೋ! ಬೇರೆ ಯಾರೋ ಬಂದು ಮೋಟಾರು ಬದಲಾಯಿಸಿ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಎಸೆದರೆ ಮುಗಿಯಿತು. ಈ ಸಲ ನಾನು ಕೆಡುವ ತನಕ ಕಾಯುವುದಿಲ್ಲ, ಒಂದೊಂದೇ ಮನೆಗೆ ಹೋಗಿ ತೆರೆಯುತ್ತೇನೆ. ಪಂಪು ಸರಿಯಾಗಿದ್ದರೂ ಹೋಗುತ್ತೇನೆ, ಕಾಫಿ ಕುಡಿಯುತ್ತೇನೆ. ನಾನು ಇಲ್ಲಿ ಒಬ್ಬಂಟಿ ಎಂಬುದು ನಿಜ. ಆದರೆ ಇಲ್ಲಿನವರೆಲ್ಲ ಒಬ್ಬಂಟಿಗಳೇ, ಆ ಲೆಕ್ಕದಲ್ಲಿ ನಾನು ಊರಿನವಳು. ನಿನ್ನ ಊರಿಗೆ ಬಂದರೆ ಒಬ್ಬ ಒಬ್ಬಂಟಿಯ ಮನೆಯಲ್ಲಿ ಇನ್ನೊಬ್ಬಳು ಒಬ್ಬಂಟಿ ಆಗುತ್ತೇನೆ, ಅಷ್ಟೇ.

ಅಜ್ಜಿಯ ಶೆಡ್ಡಿನ ಹಳೆಯ ಮುಚ್ಚಳವನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ, ಅದು ನಿನ್ನದು, ಬಂದು ತೆಗೆದುಕೊಂಡು ಹೋಗು. ಹೊಸ ಮುಚ್ಚಳದಲ್ಲಿ ತಾರೀಖು, ಅಡಿ, ನೀರು ಬರೆದು ಹೆಸರಿನ ಜಾಗಕ್ಕೆ ಬಂದಾಗ ನನ್ನದನ್ನು ಬರೆದು ಪಕ್ಕದಲ್ಲಿ ಜಾಗ ಬಿಟ್ಟೆ. ನಿನ್ನೆ ಅಂಚೆಯಿಂದ ನೇರ ಅಲ್ಲಿಗೆ ಹೋಗಿ ಅದರ ಕೆಳಗೆ ಇನ್ನೊಂದು ಸಾಲು ಬರೆದೆ.

ಪಂಪನ್ನು ತುಂಬ ಚೆನ್ನಾಗಿ ಕೂಡಿಸಿದ್ದೇನೆ ಫಿನ್, ಅಪ್ಪನಿಗಿಂತ ಚೆನ್ನಾಗಿ. ಇನ್ನು ಹದಿನೈದು ವರ್ಷ ಯಾರೂ ಆ ಮುಚ್ಚಳ ಬಿಚ್ಚುವುದಿಲ್ಲ. ಅದಕ್ಕೇ ಅಲ್ಲಿ ಬರೆದ ಸಾಲನ್ನು ಇಲ್ಲೂ ಬರೆಯುತ್ತಿದ್ದೇನೆ: ನನ್ನ ತಮ್ಮ ಕರೆದ, ನಾನು ಬರುವುದಿಲ್ಲ ಎಂದೆ, ಇಲ್ಲಿ ತನಕ ಅಳುತ್ತಾ ಲಾರಿ ಓಡಿಸಿದೆ, ಅವನಿಲ್ಲದೆ ನನಗೆ ತುಂಬ ಬೇಸರ.

ಕ್ರಿಸ್ಮಸ್ಸಿಗೆ ಬಾ. ಹಗ್ಗ ಹಿಡಿಯಲು ಲೈಸೆನ್ಸ್ ಬೇಡ.

ನಿನ್ನ ಅಕ್ಕ,
ಡೆಲ್ಲಾ